ನನ್ನ ಮಗ ಗೇಟು ದಾಟುವುದಿಲ್ಲ

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಮಗನ ಮಾತ್ರೆ ಮುಗಿದಿದೆ. ರೋಗಿಯನ್ನು ಖುದ್ದಾಗಿ ಕರೆತಂದರೆ ಮಾತ್ರ ಮನೋರೋಗ ತಜ್ಞರು ಹೊಸ ಚೀಟಿ ಬರೆಯುತ್ತಾರೆಂದು ನಿಮ್ಮ ಆಸ್ಪತ್ರೆಯವರು ನನ್ನನ್ನು ಮತ್ತೆ ಬರಿಗೈಯಲ್ಲಿ ಕಳಿಸಿದ್ದಾರೆ. ನಿಯಮ ಬಹಳ ಚೆನ್ನಾಗಿದೆ. ಅವನಿಗೆ ಮಂಡಿನೋವಿದ್ದಿದ್ದರೆ ಹೇಗಾದರೂ ಹೊತ್ತು ತರುತ್ತಿದ್ದೆ.

ಅವನಿಗೆ ಬಂದಿರುವುದು ಮನಸ್ಸಿನ ಕಾಯಿಲೆ. ಹೆಸರು ರಾಜು, ಮೂವತ್ತು ದಾಟಿದ ಗಂಡಸು. ಮಾತ್ರೆ ತಪ್ಪಿದರೆ, ಯಾರೋ ಕರೆಯುತ್ತಿದ್ದಾರೆಂದು ರಸ್ತೆಗಿಳಿದು ಬರುವ ಬಸ್ಸಿಗೆ ಎದುರಾಗಿ ನಿಲ್ಲುತ್ತಾನೆ. ಸಾಗರ–ಹೊಸನಗರ ದಾರಿಯಲ್ಲಿ ಜೀವಮಾನವೆಲ್ಲ ಕಂಡಕ್ಟರಾಗಿದ್ದವನು ನಾನು. ನಮ್ಮ ಮನೆ ಮುಂದಿನ ಇಳಿಜಾರಿನಲ್ಲಿ ಬ್ರೇಕ್ ಎಷ್ಟು ಹಿಡಿಯುತ್ತದೆಂದು ನನಗೆ ಗೊತ್ತು. ಅವನು ಹೆದರುವುದು ಸಿಗಂದೂರಿನ ದೇವಿ ಒಬ್ಬಳಿಗೇ. ಅದಕ್ಕೇ, ಕಳ್ಳರು ಬಾರದಿರಲೆಂದು ನಮ್ಮ ಕಡೆಯವರು ಬೇಲಿಗೆ ಕಟ್ಟುವ ‘ದೇವಿಯ ಕಾವಲಿದೆ’ ಎಂಬ ಬೋರ್ಡನ್ನು ನಾನು ಗೇಟಿಗೆ ಒಳಮುಖ ಮಾಡಿ ಕಟ್ಟಿದೆ. ಮಗ ಹೊರಗೆ ಹೋಗದಿರಲೆಂದು.

ಹೋಗಲಿಲ್ಲ. ನಿಮ್ಮಲ್ಲಿಗೆ ಹೊರಡಿಸಿದ ದಿನವೂ ಹೋಗಲಿಲ್ಲ. ಆಟೊ ನಿಂತಿತ್ತು, ಅವನ ತಾಯಿ ಗುತ್ಯಮ್ಮ ಹೊಸ ಅಂಗಿ ಹಾಕಿಸಿದ್ದಳು. ಗೇಟಿನ ಹತ್ತಿರ ಬಂದವನು ನಡುಗುತ್ತ ಕೂತೇಬಿಟ್ಟ. ನಾನು ಬೋರ್ಡು ಬಿಚ್ಚಿ, ಕಣ್ಣಿಗೊತ್ತಿಕೊಂಡು ಒಳಗಿಟ್ಟು ಬಂದೆ. “ಬೋರ್ಡ್ ತೆಗೆದ್ರೆ ದೇವಿ ಹೋಗ್ತಾಳೇನಪ್ಪಾ?” ಅಂದ. ಅವಳು ಇಲ್ಲೇ ಇರ್ತಾಳೆ ಅಂತ ಕಟ್ಟುವಾಗ ನಾನೇ ಹೇಳಿದ್ದೆ.

ಎತ್ತಿ ಹಾಕಿಕೊಂಡು ಬನ್ನಿ ಎಂಬುದು ನಿಮ್ಮ ಸಿಬ್ಬಂದಿಯ ಅಮೂಲ್ಯ ಸಲಹೆ. ಕೈಕಾಲು ಕಟ್ಟಿ ಕೊಡಲು ಊರವರೂ ತಯಾರಿದ್ದಾರೆ, ಪಾಪ, ಉಪಕಾರಕ್ಕೇ. ಗುತ್ಯಮ್ಮ ಬಿಡುವುದಿಲ್ಲ. “ಕಟ್ಟಿ ತಗಂಡು ಹೋಗಾಕೆ ಅವ್ನೇನು ದನನಾ?” ಅಂತಾಳೆ. ಈಗ ಅವನು ಊಟ ಬಿಟ್ಟಿದ್ದಾನೆ, ಮತ್ತೆ ಯಾರ ಜೊತೆಗೋ ಮಾತಾಡುತ್ತಿದ್ದಾನೆ. ಆ ಕರೆ ದೇವಿಯ ಭಯಕ್ಕಿಂತ ಜೋರಾದ ದಿನ ಗೇಟು ದಾಟುತ್ತಾನೆ, ನಿಮ್ಮ ಆಸ್ಪತ್ರೆಗಂತೂ ಅಲ್ಲ. ನನಗೆ ಹೆದರಿಕೆಯಾಗುತ್ತಿದೆ. ಇಷ್ಟು ವರ್ಷ ಅನ್ನ ಕೊಟ್ಟ ಬಸ್ಸಿನ ಹಾರ್ನ್ ಕೇಳಿದರೆ ಎದ್ದು ಗೇಟಿನ ಚಿಲಕ ಮುಟ್ಟಿ ನೋಡುತ್ತೇನೆ.

ಎದ್ದು ಬರಲಾರದ ನನ್ನ ಅಕ್ಕನ ಹಾಸಿಗೆಯವರೆಗೆ ಮತದ ಪೆಟ್ಟಿಗೆ ಹೊತ್ತು ಬಂದ ಸರ್ಕಾರ ಇದು. ಓಟಿಗೆ ಸಿಕ್ಕಿದ ದಾರಿ ಮಾತ್ರೆಗೆ ಸಿಗುವುದಿಲ್ಲವೇ? ನಿಮ್ಮ ಜೀಪು ನಮ್ಮ ರಸ್ತೆಯಲ್ಲೇ ಓಡಾಡುತ್ತದೆ. ಡಾಕ್ಟರು ಒಮ್ಮೆ ಇಳಿದು, ಗೇಟಿನೊಳಗೆ ಬಂದು, ಅವನನ್ನು ನೋಡಿ ಮಾತ್ರೆ ಬರೆಯಲಿ. ಈ ವಾರವೇ ಬರಲಿ. ದೇವಿಗೆ ನಾನು ಒಪ್ಪಿಸಿದ್ದು ಕಾವಲು ಮಾತ್ರ, ಚಿಕಿತ್ಸೆ ನಿಮ್ಮ ಇಲಾಖೆಯದು.

ಇಂತಿ,
ಗೇಟಿನ ಬಳಿ ಕುರ್ಚಿ ಹಾಕಿಕೊಂಡು ದೇವಿಯ ಜೊತೆ ಪಾಳಿಯಲ್ಲಿ ಕಾವಲಿರುವ,
ಹೂವಪ್ಪ, ನಿವೃತ್ತ ಕಂಡಕ್ಟರ್