ಹೇಳಿದ ಹಾಗೆ ಕೇಳುವ ರೂಟರ್

ನ್ಯೂವೆಗೈನ್
ಬುಧವಾರ

ಅನಿರುದ್ಧನಿಗೆ,

ಫೋನಿನಲ್ಲಿ ಹೇಳಿದರೆ ನಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಮನೆಯ ನೆಟ್‌ಗೆಂದು ಅಂಗಡಿಯಿಂದ ತಂದಿದ್ದ ರೂಟರ್ ದಡ್ಡ ಡಬ್ಬಿ ಎಂದು ನೀನು ಅದನ್ನು ತೆಗೆದುಹಾಕಿ, ನಿನ್ನ ಹಳೆಯ ಕಂಪ್ಯೂಟರಿಗೆ ಸಾಫ್ಟ್‌ವೇರ್ ಹಾಕಿ ಅದನ್ನೇ ರೂಟರ್ ಮಾಡಿದೆ. "ಇದು ಹೇಳಿದ್ ಹಾಗೆ ಕೇಳುತ್ತೆ ಕಣೇ" ಅಂದೆ. ಕೇಳುತ್ತಿತ್ತು, ನಿಜ. ಹೇಳುವವನು ಮಾತ್ರ ನೀನೊಬ್ಬನೇ. ಅದರ ಸೆಟ್ಟಿಂಗ್ ಬದಲಿಸುವ ಪಾಸ್‌ವರ್ಡ್ ನಾನು ಕೇಳಿದಾಗಲೆಲ್ಲ "ನಿಂಗ್ಯಾಕೆ ಬೇಕು?" ಎನ್ನುತ್ತಿದ್ದೆ.

ಸೋಮವಾರ ಹೂಫ್‌ಡಾರ್ಪ್‌ನ ಕಂಪನಿಯೊಂದು ವಿಡಿಯೋದಲ್ಲಿ ನನ್ನ ಇಂಟರ್‌ವ್ಯೂ ಮಾಡುತ್ತಿತ್ತು. ಮದುವೆಯಾಗಿ ಈ ದೇಶಕ್ಕೆ ಬಂದ ನಾಲ್ಕು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಇಂಟರ್‌ವ್ಯೂ ಅದು. ಎರಡನೇ ಪ್ರಶ್ನೆಗೆ ಉತ್ತರ ಹೇಳುತ್ತಿರುವಾಗಲೇ ನೆಟ್ ಹೋಯಿತು. ಕೆಲಸಕ್ಕೆಂದು ವಾರವಿಡೀ ನೀನಿರುವ ರಾಟರ್‌ಡ್ಯಾಮ್ ರೂಮಿನಿಂದಲೇ ನೀನು ರೂಟರ್‌ಗೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಹೊಸ ರೂಲ್ ಹಾಕಿ ನೋಡುತ್ತಿದ್ದೆಯಂತೆ. ಫೋನ್ ಮಾಡಿದರೆ, "ಟೆಸ್ಟ್ ಮಾಡ್ತಿದ್ದೆ. ಹಗಲು ಹೊತ್ತು ಮನೇಲಿ ಯಾರ್ಗೂ ಕೆಲ್ಸ ಇರಲ್ವಲ್ಲ" ಎಂದು ನಕ್ಕೆ.

ಹೌದು, ಮನೆಯಲ್ಲಿ ಯಾರಿಗೂ ಕೆಲಸ ಇಲ್ಲ. ಅದನ್ನು ಸರಿ ಮಾಡಲೆಂದೇ ನಾನು ಆ ಹೊತ್ತಿನಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಲ್ಲಿ ಕುಳಿತಿದ್ದೆ.

ನಿನ್ನೆ ಅಂಗಡಿಗೆ ಹೋಗಿ ಒಂದು ದಡ್ಡ ಡಬ್ಬಿ ತಂದೆ. ವೈರ್ ಚುಚ್ಚಿ ಬಟನ್ ಒತ್ತಿದೆ, ದೀಪ ಹತ್ತಿತು. ಯಾರನ್ನೂ ಕೇಳಬೇಕಾಗಲಿಲ್ಲ. ಕಂಪನಿಯವರು ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ನಿನ್ನ ಕಂಪ್ಯೂಟರ್ ಬಾಗಿಲ ಬಳಿ ಇದೆ. ಶುಕ್ರವಾರ ಬಂದವನು ಹೋಗುವಾಗ ಅದನ್ನು ರಾಟರ್‌ಡ್ಯಾಮ್‌ಗೇ ತೆಗೆದುಕೊಂಡು ಹೋಗು.

ಮನೆಗೆ ಬಂದರೆ ಹೊಸ ವೈಫೈ ಪಾಸ್‌ವರ್ಡ್ ನಿನಗೂ ಬೇಕಾಗುತ್ತದೆ. ಕೇಳು, ಕೊಡುತ್ತೇನೆ. ಆದರೆ "ನಿಂಗ್ಯಾಕೆ ಬೇಕು?" ಎಂದು ಮೊದಲು ನಾನು ಕೇಳುತ್ತೇನೆ.

ಸ್ಮೃತಿ