ಹೊಟ್ಟೆ ಸೀಳಿದ ಅಕ್ಷರ

ಸೋಮವಾರ, 3. ಬೆಳಿಗ್ಗೆ ಒಂಬತ್ತು

ಮತ್ತೆ ವೈಟ್ನರ್. ಅಣ್ಣ ಹೊಸ ಚೀಟಿ ಪ್ಯಾಡ್ ಪ್ರಿಂಟ್ ಮಾಡಿಸಿದ್ದಾನೆ. ಕ್ಲಿನಿಕ್ ಹೆಸರು ದೊಡ್ಡದಾಗಿ, ಅವನ ಹೆಸರು ಅದಕ್ಕಿಂತ ದೊಡ್ಡದಾಗಿ. ಕೆಳಗೆ ‘ನಿದಾನ’ ಇರಬೇಕಾದ ಕಡೆ ‘ನಿಧಾನ’! ನಿದಾನ ಅಂದರೆ ರೋಗದ ಕಾರಣ. ‘ದ’ ಅಕ್ಷರದ ಹೊಟ್ಟೆ ಸೀಳಿದರೆ ‘ಧ’, ಅರ್ಥ ಸ್ಲೋ. ಆಯುರ್ವೇದ ಓದಿದವರ ಚೀಟಿ ಇದು. ತಲೆ ಚಚ್ಚಿಕೊಳ್ಳಬೇಕು.

“ಯಾರು ಓದ್ತಾರೆ ಬಿಡೇ, ಈ ಪ್ಯಾಡ್ ಖಾಲಿಯಾಗ್ಲಿ” ಅಂದ. ಒಂದೊಂದೇ ಚೀಟಿಯ ಸೀಳನ್ನು ವೈಟ್ನರ್ ಹಚ್ಚಿ ಮುಚ್ಚುತ್ತಾ ಕೂತಿದ್ದೇನೆ.

ಬುಧವಾರ, 5

ಬ್ಯಾಟರಿ ಅಂಗಡಿಯವನ ಹೆಂಡತಿ ಬಂದಿದ್ದಳು. ಮೂರನೇ ಸಲ. ಹೊಟ್ಟೆ ನುಲಿತ, ಮಲಬದ್ಧತೆ, ಕೈ ಜೋಮು. ಅಣ್ಣ ನಾಡಿ ಹಿಡಿದ. ಅರ್ಧ ನಿಮಿಷ. “ವಾತ” ಅಂದ, ಎಣ್ಣೆ ಬರೆದ. ಮೂರು ಸಲವೂ ಅದೇ. ಏನು ತಿನ್ನುತ್ತಾಳೆ, ಏನು ಕೆಲಸ ಮಾಡುತ್ತಾಳೆ — ಒಂದು ಪ್ರಶ್ನೆ ಇಲ್ಲ.

ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನೇ ಕೇಳಿದೆ. ಬಾಯಿ ತೆರೆಸಿದೆ. ವಸಡಿನ ಅಂಚಿಗೆ ನೀಲಿ ಗೆರೆ...

“ಅಡುಗೆಮನೇಲೇ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸ್ತೀನಿ ಮೇಡಂ. ಅಂಗಡೀಲಿ ಜಾಗ ಇಲ್ಲ.”

ಸೀಸದ ವಿಷ ಅಂತ ಓಡಿಹೋಗಿ ಅಣ್ಣನಿಗೆ ಹೇಳಿದೆ.

“ಸಾಕು ನಿನ್ನ ಪತ್ತೇದಾರಿ. ಪೇಷಂಟ್ ಮುಂದೆ ನನ್ನ ಮರ್ಯಾದೆ ತೆಗೀಬೇಡ.”

ಮೈಯೆಲ್ಲ ಉರಿದುಹೋಯಿತು. ಕಾರಣವನ್ನು ಬಿಡಿಸುವುದೇ ಮೊದಲ ಚಿಕಿತ್ಸೆ — ಫಸ್ಟ್ ಇಯರ್‌ನಲ್ಲಿ ನನಗೆ ಬಾಯಿಪಾಠ ಮಾಡಿಸಿದವನೇ ಇವನು! ಕೈಗೆ ಸಿಕ್ಕ ಪ್ಯಾಡಿನಿಂದ ಚೀಟಿ ಪರ್ರನೆ ಹರಿದು, ಬರೆದು, ಅವಳ ಕೈಗೆ ತುರುಕಿದೆ. ಕೂತು ವಿವರಿಸುವಷ್ಟು ಸಮಾಧಾನ ಇರಲಿಲ್ಲ. “ಓದ್ಕೊಳ್ಳಿ, ಅದರಲ್ಲಿದ್ದ ಹಾಗೇ ಮಾಡಿ” ಅಂದೆ.

ಶನಿವಾರ, 8

ಅಣ್ಣನ ಜೊತೆ ಮಾತಿಲ್ಲ. ಮದ್ದಿನ ಕೌಂಟರ್ ಅಕ್ಕನ ಮೂಲಕವೇ ಎಲ್ಲ ವ್ಯವಹಾರ. “ಇಬ್ಬರೂ ಡಾಕ್ಟ್ರು, ಇಬ್ಬರಿಗೂ ಬಾಯಿಲ್ಲ. ನನ್ನ ನಾಲಿಗೆ ಸವೆದ್ರೆ ಯಾರು ಔಷಧಿ ಕೊಡ್ತೀರಿ?” ಅಂದಳು. ನಗು ಬರಲಿಲ್ಲ.

ಬ್ಯಾಟರಿಯವಳಿಗೆ ಬರೆದುಕೊಟ್ಟ ರಕ್ತಪರೀಕ್ಷೆಯ ರಿಪೋರ್ಟ್ ಬಂದಿಲ್ಲ. ಬೇರೆ ಕಡೆ ಹೋದಳೇನೋ. ಹೋಗಲಿ, ಬದುಕಿಕೊಳ್ಳುತ್ತಾಳೆ.

ಗುರುವಾರ, 27

ಬಂದಳು. ಬಲಗೈ ಮಣಿಕಟ್ಟಿನಿಂದ ಜೋತುಬಿದ್ದಿದೆ. ಎತ್ತು ಅಂದರೆ ಏಳುವುದಿಲ್ಲ.

“ಟೆಸ್ಟ್ ಯಾಕೆ ಮಾಡಿಸ್ಲಿಲ್ಲ? ಸೀಸ ಯಾಕೆ ನಿಲ್ಲಿಸ್ಲಿಲ್ಲ?” ಕಿರುಚಿದೆ. ಇಡೀ ಕ್ಲಿನಿಕ್ ತಿರುಗಿ ನೋಡಿತು.

“ನಿಲ್ಲಿಸ್ತಾ ಇದೀನಿ ಮೇಡಂ. ದಿನಕ್ಕೆ ನಾಲ್ಕು ಬ್ಯಾಟರಿ ಇದ್ದಿದ್ದು ಈಗ ಎರಡೇ. ಟೆಸ್ಟು ಬರೋ ತಿಂಗಳು ಅಂದ್ಕೊಂಡೆ. ನೀವೇ ಬರೆದಿದ್ರಲ್ಲ, ನಿಧಾನ ಅಂತ.”

ಎಡಗೈಯಿಂದ ಚೀಟಿ ಬಿಡಿಸಿ ತೋರಿಸಿದಳು.

ನಿಧಾನ: ಸೀಸ ಕರಗಿಸುವುದನ್ನು ನಿಲ್ಲಿಸಿ. ರಕ್ತಪರೀಕ್ಷೆ ಮಾಡಿಸಿ.

ಸೀಳು ಹಾಗೇ ಇದೆ.

ಅಣ್ಣನೂ ಓದಿದ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವನು ಆಟೋ ಕರೆದು, ತಾನೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ.

ಸಂಜೆ ಐದು

ಅವಳ ಹೆಸರಿಗೆ ಹೊಸ ಚೀಟಿ. ಮೊದಲು ಸೀಳು ಮುಚ್ಚಿದೆ. ಒಣಗುವವರೆಗೆ ಕಾದೆ.

ನಿದಾನ: ಸೀಸ. ಅಣ್ಣನ ಅರ್ಧ ನಿಮಿಷ. ಐದನೇ ತಾರೀಖಿನ ನನ್ನ ಸಿಟ್ಟು.