ನೀವು ಹೇಳುವ ಮುಂಚೆ ಓಡಿದೆವು, ಮಾಸ್ಟರ್

ನಮ್ಮ ಸೆಲ್ವಂ ಮಾಸ್ಟರಿಗೆ,

ಬಾಣಸವಾಡಿಯ ಮುನಿರಾಜು ಬರೆಯುತ್ತಿದ್ದೇನೆ. ನಿಮ್ಮ ಕಾಲೇಜು ಫುಟ್‌ಬಾಲ್ ಟೀಮಿನ ಕ್ಯಾಪ್ಟನ್ ರಾಜು. ನೀವು ಹೋಗಿ ಒಂಬತ್ತು ವರ್ಷವಾಯಿತು. ಮೊನ್ನೆ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಒಬ್ಬರು ಹೇಳಿದ ಮಾತು ಕೇಳಿ ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮೂರು ಬಸ್ಸು ಹೋದರೂ ಏಳಲಿಲ್ಲ. ಅದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ? ಆದರೆ ಮೊದಲಿನಿಂದ ಹೇಳಬೇಕು.

ಟೀಮಿಗೆ ಸೇರಿದ ಹೊಸತರಲ್ಲಿ ನನಗೆ ಗೊತ್ತಿದ್ದದ್ದು ಓಡುವುದೊಂದೇ. ಚೆಂಡು ಸಿಕ್ಕರೆ ಸಾಕು, ತಲೆ ತಗ್ಗಿಸಿ ಓಡುತ್ತಿದ್ದೆ. ನೀವು ಫ್ಯಾಕ್ಟರಿಯ ಮೊದಲ ಶಿಫ್ಟ್ ಮುಗಿಸಿ, ಖಾಕಿ ಬಟ್ಟೆಯಲ್ಲೇ ಮೈದಾನಕ್ಕೆ ಬಂದು, ಸುಮ್ಮನೆ ನೋಡುತ್ತಿದ್ದಿರಿ. ಒಂದು ಸಂಜೆ ಹಲಸೂರಿನ ಬಸ್ ಸ್ಟಾಪಿನಲ್ಲಿ ನಿಂತಾಗ ಹೇಳಿದಿರಿ: “ಬಸ್ ನಿಲ್ಲೋಕ್ ಮುಂಚೆ ಓಡೋನು ಬೀಳ್ತಾನೆ. ಹೊರಟ್ ಮೇಲೆ ಓಡೋನಿಗೆ ಬಸ್ಸೇ ಸಿಗಲ್ಲ. ಸ್ಪೀಡು ಎಲ್ರಿಗೂ ಇರತ್ತೆ ಕಣೋ. ಯಾವಾಗ ಅನ್ನೋದು ಗೊತ್ತಿರ್ಬೇಕು.” ನಾನು ನಕ್ಕಿದ್ದೆ. ಇಪ್ಪತ್ತು ವರ್ಷದವನಿಗೆ ಅದೆಲ್ಲ ಎಲ್ಲಿ ತಲೆಗೆ ಹತ್ತುತ್ತದೆ?

ಆಮೇಲೆ ನಿಧಾನವಾಗಿ ಕಲಿಸಿದಿರಿ. ಸೋಲುತ್ತಿದ್ದೇವೆ ಎಂಬ ಭಯಕ್ಕೆ ವೇಗ ಏರಿಸಬಾರದು. ಮೊದಲು ಚೆಂಡನ್ನು ಆ ಕಡೆ ಈ ಕಡೆ ಆಡಿಸಿ ಎದುರಾಳಿಗಳನ್ನು ಓಡಿಸಬೇಕು. ಅವರ ಬದಲಿ ಆಟಗಾರರೆಲ್ಲ ಒಳಗೆ ಬಂದು ಮುಗಿಯಲಿ. ಅವರ ಡಿಫೆಂಡರು ಸೊಂಟದ ಮೇಲೆ ಕೈಯಿಟ್ಟು ನಿಂತದ್ದು ಕಂಡಿತೋ, ಆಗ ಉಸಿರಾಡಲು ಬಿಡದೆ ನುಗ್ಗಬೇಕು. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಅದಕ್ಕಿಂತ ಹೆಚ್ಚಾದರೆ ನಾವೇ ಸುಸ್ತಾಗುತ್ತೇವೆ ಎನ್ನುತ್ತಿದ್ದಿರಿ.

ಅಂತರ ಕಾಲೇಜು ಫೈನಲ್ ದಿನ ಅರ್ಧ ಆಟ ಮುಗಿದಾಗ ನಾವು ಒಂದು ಗೋಲು ಹಿಂದಿದ್ದೆವು. ಹುಡುಗರೆಲ್ಲ ಕುದಿಯುತ್ತಿದ್ದರು. ನೀವು ಟವೆಲ್ ಎತ್ತುವ ತನಕ ಯಾರೂ ಅವಸರ ಮಾಡಕೂಡದು ಎಂದು ಹೇಳಿ, ಎಂದಿನಂತೆ ಬೆಂಚಿನಿಂದ ದೂರ, ಎದುರಾಳಿಗಳ ಮೂಲೆಯ ಹತ್ತಿರ ಒಬ್ಬರೇ ಕುರ್ಚಿ ಹಾಕಿಕೊಂಡು ಕುಳಿತಿರಿ. ನಾನು ಕಾದೆ. ಅವರ ಕೊನೆಯ ಬದಲಿ ಆಟಗಾರನೂ ಒಳಗೆ ಬಂದ. ನನ್ನನ್ನು ತಡೆಯುತ್ತಿದ್ದ ಅವರ ಎತ್ತರದ ರೈಟ್ ಬ್ಯಾಕ್ ಮೀನಖಂಡ ಹಿಡಿದುಕೊಂಡು ಕುಂಟತೊಡಗಿದ. ತಿರುಗಿ ನೋಡಿದೆ. ನಿಮ್ಮ ಟೋಪಿ ಹಣೆಯ ಮೇಲೆ, ಟವೆಲ್ ಮೊಣಕಾಲ ಮೇಲೆ. ಮತ್ತೆ ನೋಡಿದೆ. ಮೂರನೆಯ ಸಲ ನೋಡಿದಾಗ ಸಿಟ್ಟು ಬಂತು ಮಾಸ್ಟರ್. ಮುದುಕರಿಗೆ ಕಣ್ಣು ಹತ್ತಿರಬೇಕು ಎಂದುಕೊಂಡೆ. ಹಾಗೇ ಅಂದುಕೊಂಡೆ, ಸುಳ್ಳು ಹೇಳುವುದಿಲ್ಲ.

ನಾನೇ “ಈಗ” ಎಂದೆ. ಚೆಂಡು ಗೆರೆ ದಾಟಿದ ಕೂಡಲೇ ನಮ್ಮವನು ಎತ್ತಿ ಎಸೆದ. ಅವರು ತಮ್ಮ ಜಾಗಕ್ಕೆ ಮರಳುವುದರೊಳಗೆ ನಾಲ್ಕು ಪಾಸು, ನಾನು ಒಳಗೆ ನುಗ್ಗಿ ಎಡಗಾಲಲ್ಲಿ ಹೊಡೆದೆ. ಒಂದು-ಒಂದು. ನೇರ ನಿಮ್ಮ ಹತ್ತಿರ ಓಡಿ ಬಂದೆ. ಖುಷಿಯಿಂದ ಮಾತ್ರವಲ್ಲ, ನೋಡಿ, ನಿಮ್ಮನ್ನು ಕೇಳದೆ ಮಾಡಿದೆ ಎಂಬ ಹಮ್ಮಿನಿಂದ. ನಿಮ್ಮ ಗದ್ದ ಎದೆಗೆ ತಾಗಿತ್ತು. ಭುಜ ಹಿಡಿದು ಅಲುಗಿಸಿದೆ. ಇಡೀ ಮೈ ನನ್ನ ಕಡೆಗೇ ವಾಲಿ...

ಆಸ್ಪತ್ರೆಗೆ ಬರುವ ಮೊದಲೇ ಹೃದಯ ನಿಂತಿದೆ ಎಂದರು. ನಾನು ನಂಬಲಿಲ್ಲ. ಅರ್ಧ ಆಟದಲ್ಲಿ ಕಿತ್ತಳೆ ಸುಲಿದು ಕೊಟ್ಟ ಮನುಷ್ಯ ಹೇಗೆ ಸಾಯುತ್ತಾನೆ? ನಿಲ್ಲಿಸಿದ ಪಂದ್ಯವನ್ನು ಮುಂದಿನ ವಾರ ಮತ್ತೆ ಮೊದಲಿನಿಂದ ಆಡಿಸಿದರು. ನಾವು ಹುಚ್ಚು ಹಿಡಿದವರಂತೆ ಮೊದಲ ಸೀಟಿಯಿಂದಲೇ ಓಡಿದೆವು. ಅರ್ಧ ಆಟಕ್ಕೆ ಉಸಿರು ಉಳಿದಿರಲಿಲ್ಲ. ಮೂರು ಗೋಲಿನಿಂದ ಸೋತೆವು. ಆಮೇಲೆ ನಾನು ಬೂಟು ಕಟ್ಟಲಿಲ್ಲ. ನಾನು ಮಾತು ಮೀರಿದ್ದನ್ನು ನೋಡಿಯೇ ನಿಮ್ಮ ಎದೆ ಒಡೆಯಿತೇ? ಈ ಹುಡುಗ ಎಲ್ಲ ಕೆಡಿಸಿದ ಎಂದುಕೊಂಡೇ ಹೋದಿರೇ? ಒಂಬತ್ತು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಮೊನ್ನೆ ಬಸ್ ನಿಲ್ದಾಣದಲ್ಲಿ ಹೆಗಲು ತಟ್ಟಿದವರು ಅದೇ ಎತ್ತರದ ರೈಟ್ ಬ್ಯಾಕ್. ಈಗ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯಲ್ಲಿದ್ದಾರೆ. ಅದೂ ಇದೂ ಮಾತಾಡುತ್ತ ನಿಮ್ಮ ಸುದ್ದಿ ಬಂತು.

“ನಿಮ್ಮ ಕೋಚು ನನ್ನ ಹಿಂದೇನೇ ಕೂತಿದ್ರಲ್ಲ. ನಿಮ್ಮೋನು ಥ್ರೋ ಬೇಗ ತಗೊಂಡ ನೋಡಿ, ಆಗ ಎದ್ದು ನಿಂತ್ರು. ‘ಅದೇ ಟೈಮು, ಪೋಡಾ ರಾಜು, ನುಗ್ಗೋ’ ಅಂತ ತಮಿಳು ಸೇರಿಸಿ ಕೂಗಿದ್ರು. ನಾನು ಅತ್ತ ತಿರುಗ್ದೆ, ಅವ್ರು ಮತ್ತೆ ಕುರ್ಚೀಲಿ ಕೂತ್ರು, ಅಷ್ಟ್ರಲ್ಲಿ ನೀವು ನನ್ನ ದಾಟ್ಬಿಟ್ರಿ.”

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವರೇ ಗಾಬರಿಯಾದರು. “ನಿಮಗೆ ಕೇಳ್ಸಿತ್ತು ಅಂದ್ಕೊಂಡಿದ್ದೆ ಗುರು. ಅಷ್ಟು ಜೋರಾಗಿ ಅಂದ್ರು.”

ಮರುದಿನ ಬೆಳಿಗ್ಗೆ ಹಲಸೂರಿನ ನಿಮ್ಮ ಮನೆಗೆ ಹೋದೆ. ನೀವು ಹೋದ ಮೇಲೆ ನಿಮ್ಮ ಹೆಂಡತಿ, ನಮ್ಮೆಲ್ಲರ ಅಮ್ಮ, ಆ ಮನೆಯಲ್ಲಿ ಫುಟ್‌ಬಾಲಿನ ಮಾತೆತ್ತಲು ಯಾರನ್ನೂ ಬಿಟ್ಟಿರಲಿಲ್ಲ. ಆದರೂ ಹೇಳಿದೆ. ನಾನು ಮಾತು ಮೀರಿದ್ದು, ನೀವು ಎದ್ದು ನಿಂತದ್ದು, ಕೂಗಿದ್ದು. ಬಿಡಿಸುತ್ತಿದ್ದ ಅವರೆಕಾಯಿಯ ಮೊರವನ್ನು ಅಮ್ಮ ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು:

“ಆಮೇಲೆ? ಗೋಲ್ ಆಯ್ತಾ?”

ಮಾಸ್ಟರ್, ನಾನು ದಂಗಾಗಿ ಹೋದೆ. ಆ ದಿನ ನಿಮ್ಮನ್ನು ಹೊತ್ತು ತಂದ ನಾವು ಹನ್ನೊಂದು ಜನ, ಅತ್ತೆವು, ಓಡಾಡಿದೆವು, ಎಲ್ಲ ಮಾಡಿದೆವು. ಇದೊಂದನ್ನು ಒಬ್ಬರಾದರೂ ಆ ಮನೆಯಲ್ಲಿ ಹೇಳಲಿಲ್ಲ. ಅವರಿಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ.

ಆಯ್ತು ಮಾಸ್ಟರ್. ನೀವು ಕೂಗಿದ ಮೇಲೆ ಅರ್ಧ ನಿಮಿಷವೂ ಆಗಿರಲಿಲ್ಲ. ಗೋಲ್ ಆಯ್ತು.

ನಿಮ್ಮ
ಮುನಿರಾಜು